ರೈಡರನ ಹಿಂದೆ ಓಡುವ ಕ್ಯಾಮೆರಾ

ಮಂಡ್ಯ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಿಂದ ಹಿಡಿದು ಪಾಂಡವಪುರ, ಶ್ರೀರಂಗಪಟ್ಟಣ ಮತ್ತು ಕೆ.ಆರ್. ಪೇಟೆಯ ಸೀಮೆಗಳವರೆಗೆ, ಕಬಡ್ಡಿಯನ್ನು ನೋಡುವ ಎರಡು ಬಗೆಯ ಕಣ್ಣುಗಳು ಒಂದೇ ಊರಿನಲ್ಲಿ, ಎಷ್ಟೋ ಸಲ ಒಬ್ಬನೇ ಪ್ರೇಕ್ಷಕನಲ್ಲಿ, ಜೊತೆಯಾಗಿ ನೆಲೆಸಿವೆ. ಒಂದು ಕಣ್ಣು ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ, ಅಂಕಣದ ಅಂಚಿನಲ್ಲಿ ಕುಳಿತು ಪಳಗಿದ್ದು. ಇನ್ನೊಂದು 2014ರಿಂದೀಚೆಗೆ ಪ್ರೊ ಕಬಡ್ಡಿ ಲೀಗನ್ನು ದೂರದರ್ಶನದಲ್ಲಿ ನೋಡುತ್ತ ಬೆಳೆದದ್ದು. ಈ ಎರಡು ಕಣ್ಣುಗಳು ಒಂದೇ ಆಟವನ್ನು ಒಂದೇ ರೀತಿಯಲ್ಲಿ ಕಾಣುವುದಿಲ್ಲ. ಬಯಲಿನ ಪ್ರೇಕ್ಷಕ ಏಳು ಮಂದಿ ಕೈಕೈ ಹಿಡಿದು ಹೆಣೆದ ರಕ್ಷಣೆಯನ್ನು ನೋಡಿದರೆ, ಪರದೆಯ ಪ್ರೇಕ್ಷಕನಿಗೆ ಕಾಣಿಸುವವನು ಹೆಚ್ಚಾಗಿ ಎದುರಾಳಿಗಳತ್ತ ನುಗ್ಗುವ ಒಬ್ಬ ರೈಡರ್. ದೂರದರ್ಶನ ಕಬಡ್ಡಿಗೆ ಮಾಡಿದ ಉಪಕಾರ ದೊಡ್ಡದೆಂಬುದನ್ನು ಒಪ್ಪಿಕೊಂಡೇ, ಆ ಉಪಕಾರದ ಜೊತೆಯಲ್ಲಿ ಆಟದ ಅರ್ಧ ಭಾಗ ಪರದೆಯಿಂದ ಜಾರಿ ಹೋಗುತ್ತಿದೆ ಎಂಬ ಈ ಸೀಮೆಯ ಅಭಿಮಾನಿಯ ದೂರನ್ನು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಈ ದೂರು ಬರೀ ಹಳೆಯದರ ಹಂಬಲವಲ್ಲ ಎನ್ನಲು ಭೂಗೋಳದ ಕಾರಣವೊಂದಿದೆ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ದೇವಲಾಪುರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಆ ದೂರವನ್ನು ಕ್ರಮಿಸಲು ಸಿದ್ಧನಿರುವವನಿಗೂ ಅಲ್ಲಿ ಪಂದ್ಯ ಸಿಗುವುದು ಅಪರೂಪ. ಕರ್ನಾಟಕದ ರಾಜಧಾನಿಯ ಹೆಸರು ಹೊತ್ತ ಬೆಂಗಳೂರು ಬುಲ್ಸ್ ತಂಡವು 2017ರಲ್ಲಿ ತನ್ನ ತವರು ಪಂದ್ಯಗಳನ್ನು ನಾಗಪುರದಲ್ಲಿ ಆಡಿತು, 2018ರಲ್ಲಿ ಪುಣೆಯಲ್ಲಿ ಆಡಿತು. ಸಾಂಕ್ರಾಮಿಕದ ಕಾರಣದಿಂದ 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ಇಡೀ ಎಂಟನೆಯ ಆವೃತ್ತಿ ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆಯಿತಾದರೂ ಅದಕ್ಕೆ ಪ್ರೇಕ್ಷಕರ ಪ್ರವೇಶವಿರಲಿಲ್ಲ. 2023ರ ಡಿಸೆಂಬರಿನಲ್ಲಿ ಲೀಗು ಕೆಲವು ದಿನಗಳ ಮಟ್ಟಿಗೆ ಕಂಠೀರವಕ್ಕೆ ಬಂದು ಹೋಯಿತು. ಅದರ ಮುಂದಿನ ಆವೃತ್ತಿಯ ಪಂದ್ಯಗಳು ಹೈದರಾಬಾದ್, ನೊಯಿಡಾ ಮತ್ತು ಪುಣೆಯಲ್ಲೂ, 2025ರವು ವಿಶಾಖಪಟ್ಟಣ, ಜೈಪುರ, ಚೆನ್ನೈ ಮತ್ತು ದೆಹಲಿಯಲ್ಲೂ ನಡೆದವು. ಹೀಗಿರುವಾಗ ಮಂಡ್ಯ ಜಿಲ್ಲೆಯ ಅಭಿಮಾನಿಗೆ ಪ್ರೊ ಕಬಡ್ಡಿಯೆಂದರೆ ದೂರದರ್ಶನವೇ ಹೊರತು ಬೇರೇನೂ ಅಲ್ಲ. ಪಂದ್ಯವನ್ನು ಕ್ರೀಡಾಂಗಣದಲ್ಲಿ ನೋಡಬಲ್ಲವನಿಗೆ ಪ್ರಸಾರವೆಂಬುದು ಎರಡನೆಯ ಅನುಭವ, ಇವನಿಗೋ ಅದೊಂದೇ ಅನುಭವ. ಆದ್ದರಿಂದ ಕ್ಯಾಮೆರಾ ಏನನ್ನು ಬಿಡುತ್ತದೆಯೋ ಅದು ಇವನ ಪಾಲಿಗೆ ನಡೆಯಲೇ ಇಲ್ಲ.

ಚರ್ಚೆಯನ್ನು ಮುಂದುವರಿಸುವ ಮೊದಲು ಆಟದ ಅಳತೆಗಳನ್ನು ನೆನೆಯುವುದು ಒಳ್ಳೆಯದು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲವಿದ್ದು, ನಡುಗೆರೆ ಅದನ್ನು ಎರಡು ಪಾಳಿಗಳಾಗಿ ವಿಭಾಗಿಸುತ್ತದೆ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿರುವ ಗೆರೆಯನ್ನು ಬಾಕ್ ಲೈನ್ ಎನ್ನುತ್ತಾರೆ. ಎದುರಾಳಿಯನ್ನು ಮುಟ್ಟದೆ ಹಿಂದಿರುಗುವ ರೈಡರ್ ಕನಿಷ್ಠ ಇದನ್ನಾದರೂ ದಾಟಿರಬೇಕು. ಅದರಾಚೆ ಒಂದು ಮೀಟರ್ ದೂರದಲ್ಲಿ ಬೋನಸ್ ಲೈನ್ ಇದ್ದು, ಎದುರು ಆರು ಅಥವಾ ಏಳು ಮಂದಿ ಇರುವಾಗ ಅದನ್ನು ದಾಟಿ ಕಾಲೂರಿದರೆ ಒಂದು ಅಂಕ ದೊರೆಯುತ್ತದೆ. ಅಂಕಣದ ಎರಡೂ ಬದಿಗಳಲ್ಲಿ ಒಂದೊಂದು ಮೀಟರಿನ ಲಾಬಿ ಎಂಬ ಪಟ್ಟಿಯಿದೆ. ರೈಡರಿಗೂ ಹಿಡಿಯುವವರಿಗೂ ಸ್ಪರ್ಶವಾದ ಮೇಲಷ್ಟೇ ಅದು ಆಟದ ನೆಲವಾಗುತ್ತದೆ. ಎದುರಾಳಿಗಳೆಲ್ಲರೂ ಔಟಾದರೆ ಲೋನಾ ಎಂಬ ಹೆಚ್ಚುವರಿ ಎರಡು ಅಂಕಗಳು ಸಿಗುತ್ತವೆ. ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುವ ಈ ಆಟದಲ್ಲಿ ಒಂದೊಂದು ರೈಡೂ ಒಬ್ಬನಿಗೂ ಏಳು ಮಂದಿಗೂ ನಡುವಿನ ಸೆಣಸು, ಮತ್ತು ಆ ಏಳು ಮಂದಿಯ ಸ್ಥಾನಗಳಿಗೆ ಕಾರ್ನರ್, ಇನ್, ಕವರ್, ಸೆಂಟರ್ ಎಂಬ ಹೆಸರುಗಳು ಹಳ್ಳಿಯ ತಂಡಗಳಲ್ಲೂ ಹಾಗೆಯೇ ಬಳಕೆಯಲ್ಲಿವೆ.

ಆನಂದ್ ಮಹೀಂದ್ರ ಮತ್ತು ಚಾರು ಶರ್ಮಾ ಸ್ಥಾಪಿಸಿದ ಮಾಶಲ್ ಸ್ಪೋರ್ಟ್ಸ್ ಸಂಸ್ಥೆ ಸ್ಟಾರ್ ಇಂಡಿಯಾದೊಡನೆ ಕೂಡಿ 2014ರ ಜುಲೈ 26ರಂದು ಮುಂಬೈಯಲ್ಲಿ ಲೀಗನ್ನು ಆರಂಭಿಸಿದಾಗ, ಆಟವನ್ನು ಪರದೆಗೆ ಒಗ್ಗಿಸಲು ಮಾಡಿಕೊಂಡ ಏರ್ಪಾಡುಗಳು ಅಂಕಣದ ಬಣ್ಣ ಮತ್ತು ಬೆಳಕಿಗೆ ಮಾತ್ರ ಸೀಮಿತವಾಗಿರಲಿಲ್ಲ. ಪ್ರತಿ ರೈಡಿಗೂ 30 ಸೆಕೆಂಡುಗಳ ಮಿತಿ ಬಂತು, ಆ ಗಡಿಯಾರ ಪರದೆಯ ಮೂಲೆಯಲ್ಲಿ ಕಾಣತೊಡಗಿತು. ಸತತ ಎರಡು ರೈಡುಗಳು ಅಂಕವಿಲ್ಲದೆ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್ ಎಂಬ ‘ಡು ಆರ್ ಡೈ’ ನಿಯಮವೂ, ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿರುವಾಗ ರೈಡರನ್ನು ಹಿಡಿದರೆ ಎರಡು ಅಂಕ ಕೊಡುವ ‘ಸೂಪರ್ ಟ್ಯಾಕಲ್’ ನಿಯಮವೂ ಮನೆಮಾತಾದವು. ಮೊದಲ ಆವೃತ್ತಿಯನ್ನು ದೇಶದಲ್ಲಿ 43.5 ಕೋಟಿ ಮಂದಿ ವೀಕ್ಷಿಸಿದರೆಂಬ ಲೆಕ್ಕ ಪ್ರಕಟವಾದಾಗ, ಕ್ರಿಕೆಟ್ಟಿನ ಐಪಿಎಲ್ ಬಿಟ್ಟರೆ ಇಷ್ಟು ದೊಡ್ಡ ಪ್ರೇಕ್ಷಕ ಸಮುದಾಯ ಮತ್ತಾವ ದೇಶೀ ಪಂದ್ಯಾವಳಿಗೂ ಇಲ್ಲವೆಂಬುದು ಸ್ಪಷ್ಟವಾಯಿತು.

ಈ ಬದಲಾವಣೆಗಳಲ್ಲಿ ಅತ್ಯಂತ ಆಳವಾದದ್ದು ಉಸಿರಿಗೆ ಸಂಬಂಧಿಸಿದ್ದು. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರು ಪಾಳಿಗೆ ನುಗ್ಗಿ, ಆ ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕೆಂಬುದು ಆಟದ ಮೂಲ ಕಟ್ಟಳೆ. ಎಷ್ಟು ಹೊತ್ತು ಎದುರು ಪಾಳಿಯಲ್ಲಿ ನಿಲ್ಲಬಹುದೆಂಬುದನ್ನು ಆಟಗಾರನ ಎದೆಯೇ ನಿರ್ಧರಿಸುತ್ತಿತ್ತು. ಇವತ್ತಿಗೂ ನಿಯಮಾವಳಿಯಲ್ಲಿ ಆ ಕಟ್ಟಳೆ ಇದೆ, ಉಸಿರು ಬಿಟ್ಟವನು ಔಟ್. ಆದರೆ 30 ಸೆಕೆಂಡುಗಳ ಗಡಿಯಾರ ಬಂದ ಮೇಲೆ ಪ್ರೇಕ್ಷಕನ ಗಮನ ಕಿವಿಯಿಂದ ಕಣ್ಣಿಗೆ ಹೋಯಿತು. ಬಯಲಿನ ಪಂದ್ಯದಲ್ಲಿ ಅಂಪೈರನಷ್ಟೇ ಎಚ್ಚರದಿಂದ ಸುತ್ತ ಕುಳಿತವರೂ ರೈಡರನ ದನಿಯನ್ನು ಆಲಿಸುತ್ತಾರೆ, ದನಿ ಕ್ಷೀಣಿಸುವುದನ್ನು ಕೇಳಿಯೇ ‘ಈಗ ಹಿಡೀರಿ’ ಎಂದು ಕೂಗುತ್ತಾರೆ. ಪ್ರಸಾರದಲ್ಲಿ ಸಂಗೀತ, ವೀಕ್ಷಕ ವಿವರಣೆ ಮತ್ತು ಧ್ವನಿವರ್ಧಕಗಳ ನಡುವೆ ಆ ದನಿ ಬಹುಪಾಲು ಮುಳುಗಿಯೇ ಹೋಗಿರುತ್ತದೆ. ಆಟಕ್ಕೆ ಹೆಸರು ಕೊಟ್ಟ ಸದ್ದನ್ನೇ ಪ್ರಸಾರ ಕೇಳಿಸದಿರುವುದು ಸಣ್ಣ ಲೋಪವಲ್ಲ. ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ರೈಡ್ ನಡೆಯುವ ಅಷ್ಟು ಹೊತ್ತು ಸಂಗೀತವನ್ನು ತಗ್ಗಿಸಿ, ಅಂಕಣದ ಬದಿಯ ಮೈಕಿನ ಸದ್ದನ್ನು ಏರಿಸಿದರೆ ಸಾಕು.

ಪರದೆಗಾಗಿ ನಿಯಮವೇ ಬದಲಾಗುವುದು ಕಬಡ್ಡಿಗೆ ಮಾತ್ರ ಒದಗಿದ ಪರಿಸ್ಥಿತಿಯಲ್ಲ. ಇದಕ್ಕೆ ಅತ್ಯಂತ ಹತ್ತಿರದ ಹೋಲಿಕೆ ಸಿಗುವುದು ಇಂಗ್ಲೆಂಡಿನ ಉತ್ತರ ಭಾಗದ ರಗ್ಬಿ ಲೀಗ್ ಎಂಬ ಆಟದಲ್ಲಿ. ಗಣಿ ಮತ್ತು ಗಿರಣಿಗಳ ಊರುಗಳಲ್ಲಿ ದುಡಿಯುವ ಆಟಗಾರರಿಗೆ ಪಂದ್ಯದ ದಿನ ತಪ್ಪಿಹೋದ ಕೂಲಿಯನ್ನು ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್ಬುಗಳು ಮೂಲ ರಗ್ಬಿ ಸಂಸ್ಥೆಯಿಂದ ಬೇರೆಯಾದದ್ದರಿಂದ ಈ ಆಟ ಹುಟ್ಟಿತು. 1906ರಲ್ಲಿ ತಂಡದ ಬಲವನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಲಾಯಿತು. ಚೆಂಡು ಹಿಡಿದು ನುಗ್ಗುವವನನ್ನು ಎದುರಾಳಿಗಳು ತಬ್ಬಿ ಕೆಡವುವುದೇ ಅಲ್ಲಿಯ ಮುಖ್ಯ ಕ್ರಿಯೆ, ಅದಕ್ಕೆ ಟ್ಯಾಕಲ್ ಎಂದೇ ಹೆಸರು. ಕೆಡವಿದ ಮೇಲೂ ಚೆಂಡು ಅದೇ ತಂಡದ ಬಳಿ ಉಳಿಯುತ್ತಿದ್ದುದರಿಂದ, ಒಂದು ತಂಡ ಬಯಸಿದಷ್ಟು ಹೊತ್ತು ಚೆಂಡನ್ನು ಬಿಡದೆ ಆಡಬಹುದಿತ್ತು. ಕಬಡ್ಡಿಯಲ್ಲಿ ಮುಂದಿರುವ ತಂಡ ಬಾಕ್ ಲೈನ್ ದಾಟಿ ಬರಿಗೈಯಲ್ಲಿ ಮರಳುತ್ತ ಕಾಲ ಕಳೆಯುವುದಕ್ಕೆ ಇದು ಸಮಾನವಾದ ತೊಂದರೆ.

ಅಲ್ಲಿ ಪರಿಹಾರ ಬಂದದ್ದು ದೂರದರ್ಶನದ ಪಂದ್ಯಾವಳಿಯೊಂದರ ಮೂಲಕ. ಬಿಬಿಸಿಯ ಎರಡನೆಯ ವಾಹಿನಿ 1964ರಲ್ಲಿ ಆರಂಭವಾಗಿ, ಮುಂದೆ ವನ್ಯಜೀವಿ ಚಿತ್ರಗಳಿಂದ ಲೋಕಪ್ರಸಿದ್ಧರಾದ ಡೇವಿಡ್ ಅಟೆನ್‌ಬರೊ ಅದರ ಮುಖ್ಯಸ್ಥರಾಗಿದ್ದಾಗ, 1965ರಲ್ಲಿ ‘ಫ್ಲಡ್‌ಲಿಟ್ ಟ್ರೋಫಿ’ ಎಂಬ ಹೊನಲು ಬೆಳಕಿನ ರಗ್ಬಿ ಲೀಗ್ ಪಂದ್ಯಾವಳಿಯನ್ನು ಆ ವಾಹಿನಿ ಪರದೆಗೆ ತಂದಿತು. ಒಂದು ತಂಡ ನಾಲ್ಕು ಸಲ ಕೆಡವಲ್ಪಟ್ಟ ಮೇಲೆ ಚೆಂಡು ಕೈಬಿಡಬೇಕೆಂಬ ನಿಯಮವನ್ನು 1966ರ ಅಕ್ಟೋಬರಿನಲ್ಲಿ ಮೊದಲು ಪ್ರಯೋಗಿಸಿದ್ದು ಈ ಟ್ರೋಫಿಯಲ್ಲೇ. ನಾಲ್ಕು ತೀರಾ ಕಡಿಮೆಯೆನಿಸಿ 1972ರಲ್ಲಿ ಅದನ್ನು ಆರಕ್ಕೆ ಏರಿಸಲಾಯಿತು, ಇಂದಿಗೂ ಅದೇ ಇದೆ. ‘ಡು ಆರ್ ಡೈ’ ರೈಡಿನ ತರ್ಕವೂ ಇದೇ ಆಗಿದೆ: ಕಾಲಹರಣಕ್ಕೆ ಮಿತಿ, ಮಿತಿಯ ಕೊನೆಯಲ್ಲಿ ಅನಿವಾರ್ಯವಾದ ಸಾಹಸ. ಈ ಬಗೆಯ ನಿಯಮಗಳನ್ನು ಆಟಕ್ಕೆ ಬಗೆದ ದ್ರೋಹವೆಂದು ಹಳೆಯ ಆಟಗಾರರು ಕೆಲವೊಮ್ಮೆ ಕರೆಯುತ್ತಾರಾದರೂ ಆ ಮಾತು ನಿಲ್ಲುವಂಥದ್ದಲ್ಲ. ಮೂರನೆಯ ರೈಡಿಗೆ ಹೋಗುವವನನ್ನು ಹಿಡಿಯಲು ಏಳು ಮಂದಿ ಹೂಡುವ ಸಂಚು ಕಬಡ್ಡಿಯ ಅತ್ಯುತ್ತಮ ಕ್ಷಣಗಳಲ್ಲೊಂದಾಗಿದ್ದು, ನಾಗಮಂಗಲದ ಕೆಮ್ಮಣ್ಣಿನ ಅಂಕಣಗಳಲ್ಲೂ ಈಗ ಆ ನಿಯಮ ಸಹಜವಾಗಿ ಬೇರೂರಿದೆ. ನಿಯಮಗಳ ವಿಷಯದಲ್ಲಿ ದೂರದರ್ಶನ ಆಟವನ್ನು ಚುರುಕುಗೊಳಿಸಿದೆ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ರಗ್ಬಿ ಲೀಗಿನ ಅಭಿಮಾನಿಗಳಿಗೆ ಸಿಟ್ಟು ಬರಿಸಿದ್ದು ನಿಯಮವಲ್ಲ, ಪ್ರಸಾರದ ದನಿ. ಯಾರ್ಕ್‌ಷೈರಿನ ಡ್ಯೂಸ್‌ಬರಿ ಊರಿನ ಎಡ್ಡಿ ವೇರಿಂಗ್ ಎಂಬ ವಿವರಣೆಗಾರರು ದಶಕಗಳ ಕಾಲ, 1981ರವರೆಗೆ, ಬಿಬಿಸಿಯಲ್ಲಿ ಈ ಆಟದ ದನಿಯಾಗಿದ್ದರು. ಲಂಡನ್ನಿನ ಪ್ರೇಕ್ಷಕರಿಗೆ ಅವರ ಮಾತಿನ ವರಸೆ ಬಹಳ ಮೆಚ್ಚುಗೆಯಾಗಿತ್ತು. ಆದರೆ ಉತ್ತರದ ಊರುಗಳ ಅಭಿಮಾನಿಗಳಲ್ಲಿ ಅನೇಕರಿಗೆ, ತಮ್ಮ ಬದುಕಿನ ಭಾಗವಾದ ಆಟವನ್ನು ನಗಿಸುವ ಮನರಂಜನೆಯನ್ನಾಗಿ ಇಳಿಸಲಾಗುತ್ತಿದೆ ಎನ್ನಿಸಿತು. 1970ರ ದಶಕದಲ್ಲಿ ಸಾವಿರಾರು ಮಂದಿ ಸಹಿ ಹಾಕಿ ಬಿಬಿಸಿಗೆ ಮನವಿ ಸಲ್ಲಿಸಿದರು. ಆಮೇಲೆ 1995ರಲ್ಲಿ ಸ್ಕೈ ವಾಹಿನಿಯ ಹಿಂದಿದ್ದ ಕಂಪನಿ 8.7 ಕೋಟಿ ಪೌಂಡುಗಳ ಒಪ್ಪಂದದೊಂದಿಗೆ ‘ಸೂಪರ್ ಲೀಗ್’ ಯೋಜನೆ ತಂದು, ಚಳಿಗಾಲದ ಆಟವನ್ನು 1996ರಿಂದ ಬೇಸಿಗೆಗೆ ಸರಿಸಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟೋನ್ ಎಂಬ ಅಕ್ಕಪಕ್ಕದ ಊರುಗಳ ಕ್ಲಬ್ಬುಗಳನ್ನು ಒಂದೇ ತಂಡವಾಗಿ ಬೆಸೆಯುವ ಸಲಹೆಯೂ ಅದರಲ್ಲಿತ್ತು. ಅಭಿಮಾನಿಗಳು ಬೀದಿಗಿಳಿದು ಪ್ರತಿಭಟಿಸಿದ್ದರಿಂದ ವಿಲೀನದ ಮಾತು ಬಿದ್ದುಹೋಯಿತು.

ಇಲ್ಲಿಯೇ ಕಬಡ್ಡಿಯ ಅಭಿಮಾನಿಯ ಸ್ಥಿತಿ ಭಿನ್ನವಾಗುತ್ತದೆ. ಫೆದರ್‌ಸ್ಟೋನಿನ ಅಭಿಮಾನಿಗೆ ಉಳಿಸಿಕೊಳ್ಳಲು ಅಜ್ಜನ ಕಾಲದ ಕ್ಲಬ್ಬೊಂದಿತ್ತು, ಪ್ರಸಾರಕರು ಅದನ್ನು ಮುಟ್ಟಲು ಬಂದಾಗ ಅವನು ಎದ್ದು ನಿಲ್ಲಬಲ್ಲವನಾಗಿದ್ದ. ಪ್ರೊ ಕಬಡ್ಡಿಯ ತಂಡಗಳು ಹುಟ್ಟಿದ್ದೇ ಲೀಗಿನೊಂದಿಗೆ, ಮತ್ತು 2015ರಲ್ಲಿ ಮಾಶಲ್ ಸ್ಪೋರ್ಟ್ಸ್‌ನ ಶೇಕಡಾ 74 ಪಾಲನ್ನು ಸ್ಟಾರ್ ಸಂಸ್ಥೆಯೇ ಕೊಂಡದ್ದರಿಂದ ಪ್ರಸಾರ ಮಾಡುವವರೂ ಪಂದ್ಯ ನಡೆಸುವವರೂ ಒಬ್ಬರೇ ಆದರು. ಊರಿನ ತಂಡಗಳಿಗೂ ಲೀಗಿನ ತಂಡಗಳಿಗೂ ನಡುವೆ ಮೆಟ್ಟಿಲುಗಳಿಲ್ಲ; ಪಾಂಡವಪುರದ ಒಳ್ಳೆಯ ಕಾರ್ನರ್ ಆಟಗಾರನೊಬ್ಬ ದಸರಾ ಕ್ರೀಡಾಕೂಟದ ತಾಲ್ಲೂಕು, ಜಿಲ್ಲೆ, ವಿಭಾಗ ಹಂತಗಳನ್ನು ದಾಟಿದರೂ ಅವನ ತಂಡ ಯಾವ ಲೀಗಿಗೂ ಬಡ್ತಿ ಪಡೆಯುವುದಿಲ್ಲ. ಹೀಗಾಗಿ ಅಭಿಮಾನಿಗೆ ಉಳಿಯುವ ಒಂದೇ ಹಕ್ಕು ನೋಡುವ ಹಕ್ಕು. ಆ ನೋಟ ಸರಿಯಾಗಿರಬೇಕೆಂದು ಅವನು ಒತ್ತಾಯಿಸುವುದು ಅದಕ್ಕೇ.

ಕ್ಯಾಮೆರಾ ರೈಡರನನ್ನು ಹಿಂಬಾಲಿಸುವುದಕ್ಕೆ ಕಾರಣಗಳಿಲ್ಲದಿಲ್ಲ. ಚಲಿಸುವವನು ಅವನು, ಒಬ್ಬನೇ ಇರುವವನು ಅವನು, ಮುಖ ಕಾಣಿಸುವವನೂ ಅವನೇ. ಮುಂದೆ ಸಮೀಪದ ಚಿತ್ರ, ಮುಟ್ಟಿದ ಮರುಕ್ಷಣ ನಿಧಾನಗತಿಯ ಮರುಪ್ರಸಾರ, ಆಮೇಲೆ ಅವನು ತೊಡೆ ತಟ್ಟುವ ದೃಶ್ಯ ಎಂಬ ಸರಣಿ ಅಭ್ಯಾಸವಾಗಿಬಿಟ್ಟಿದೆ. ಆದರೆ ಹಿಡಿತವೆಂಬುದು ಹಿಡಿದ ಕ್ಷಣದಲ್ಲಿ ಆರಂಭವಾಗುವುದಿಲ್ಲ. ಎಡ ಕಾರ್ನರಿನವನು ಅರ್ಧ ಹೆಜ್ಜೆ ಹಿಂದೆ ಸರಿದು ರೈಡರನಿಗೆ ಬೋನಸ್ಸಿನ ಆಸೆ ತೋರಿಸುತ್ತಾನೆ. ಅವನ ಕೈ ಹಿಡಿದಿರುವ ಇನ್ ಆಟಗಾರ ಅದೇ ಹೊತ್ತಿಗೆ ಭಾರವನ್ನು ಮುಂಗಾಲಿಗೆ ತರುತ್ತಾನೆ. ಎದುರು ಬದಿಯ ಕವರ್ ನಡುಗೆರೆಯತ್ತ ಒಳಸರಿದು ಮರಳುವ ದಾರಿಯನ್ನು ಕಿರಿದು ಮಾಡುತ್ತಾನೆ. ಕಾಲು ಬೋನಸ್ ಗೆರೆ ದಾಟಿದೊಡನೆ ಕಾರ್ನರ್ ಹಿಮ್ಮಡಿಗೆ ಕೈ ಹಾಕುತ್ತಾನೆ, ಅದನ್ನು ಆಂಕಲ್ ಹೋಲ್ಡ್ ಎನ್ನುತ್ತಾರೆ. ಕವರ್ ಭುಜದಿಂದ ಡ್ಯಾಶ್ ಹೊಡೆದು ಅವನನ್ನು ಲಾಬಿಯಾಚೆಗೆ ತಳ್ಳುತ್ತಾನೆ ಅಥವಾ ಎದುರು ನಿಂತು ಬ್ಲಾಕ್ ಮಾಡುತ್ತಾನೆ. ಇವೆಲ್ಲ ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುವಂಥವು, ಅವುಗಳ ಸಂಬಂಧ ತಿಳಿಯಬೇಕಾದರೆ ಏಳೂ ಮಂದಿ ಒಟ್ಟಿಗೆ ಕಾಣಬೇಕು. ರೈಡರನ ಬೆನ್ನಿಗೆ ಅಂಟಿದ ಚಿತ್ರದಲ್ಲಿ ಹಿಡಿತವು ಎಲ್ಲಿಂದಲೋ ಬಂದು ಬಿದ್ದ ಆಕಸ್ಮಿಕದಂತೆ ಕಾಣುತ್ತದೆ, ಸಂಚೆಂಬುದು ತಿಳಿಯುವುದೇ ಇಲ್ಲ.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೆಯ ಆವೃತ್ತಿಯ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರು ಬುಲ್ಸ್ ತಂಡ ಗುಜರಾತ್ ಫಾರ್ಚ್ಯೂನ್ ಜೈಂಟ್ಸ್ ವಿರುದ್ಧ ಮೊದಲ ಅವಧಿಯಲ್ಲಿ ಹಿಂದೆ ಬಿದ್ದು, ಕೊನೆಗೆ 38–33ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿ ಪಡೆಯಿತು. ಆ ತಂಡದ ರೈಡರ್ ಪವನ್ ಸೆಹ್ರಾವತ್ ಆ ದಿನ 22 ಅಂಕ ಗಳಿಸಿದರು. ಆ ಸಾಧನೆಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು, ಮಂಡ್ಯ ಜಿಲ್ಲೆಯ ಹಳ್ಳಿಗಳ ಹುಡುಗರು ಅವರ ಜಿಗಿತವನ್ನು ಅಂಕಣದಲ್ಲಿ ಅನುಕರಿಸಿದ್ದು ಸಹಜವೇ. ಆದರೆ 38ರಲ್ಲಿ 22 ಕಳೆದರೆ ಉಳಿಯುವ 16 ಅಂಕಗಳ ಕಥೆ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ. ಔಟಾದ ಆಟಗಾರ ಮರಳಿ ಒಳಬರುವುದು ಸಾಮಾನ್ಯವಾಗಿ ತನ್ನ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ. ಆದ್ದರಿಂದ ರೈಡರ್ ಹೊರಗೆ ಕುಳಿತಿರುವಾಗ ಎದುರಾಳಿಯನ್ನು ಹಿಡಿದು ಅವನನ್ನು ಒಳಗೆ ತರುವುದು ರಕ್ಷಣೆಯವರ ಕೆಲಸ. ಪ್ರಸಾರದ ಸ್ಮರಣೆ ಆ ಕೆಲಸವನ್ನು ದಾಖಲಿಸದಿದ್ದರೂ ತಂಡಗಳನ್ನು ಕಟ್ಟುವವರು ಅದರ ಬೆಲೆಯನ್ನು ಅರಿತಿದ್ದಾರೆ. ಹತ್ತನೆಯ ಆವೃತ್ತಿಯ ಹರಾಜಿನಲ್ಲಿ ಪವನ್ 2.60 ಕೋಟಿ ರೂಪಾಯಿಗೆ ಹೋದರೆ, ಹಿಡಿತಕ್ಕೆ ಹೆಸರಾದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ 2.35 ಕೋಟಿಗೆ ಹೋದರು. ಅವರನ್ನು ಕೊಂಡ ಪುಣೇರಿ ಪಲ್ಟನ್ 2024ರ ಮಾರ್ಚಿನಲ್ಲಿ ಪ್ರಶಸ್ತಿ ಗೆದ್ದಾಗ ಆ ತಂಡದ ತರಬೇತುದಾರರಾಗಿದ್ದವರು ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ ಅವರೇ ಪ್ರಶಸ್ತಿ ತಂದುಕೊಟ್ಟಿದ್ದರು.

ತರಬೇತುದಾರರ ಮಾತು ಬಂದಾಗ ಪ್ರಸಾರದ ಒಂದು ಅಪ್ಪಟ ಕೊಡುಗೆಯನ್ನು ಹೇಳಲೇಬೇಕು. ಟೈಮ್ ಔಟ್ ವೇಳೆಯಲ್ಲಿ ಮೈಕನ್ನು ತಂಡದ ನಡುವೆ ಚಾಚಿ, ಗುರುವು ಶಿಷ್ಯರಿಗೆ ಹೇಳುವ ಮಾತುಗಳನ್ನು ಪ್ರೇಕ್ಷಕರಿಗೆ ಕೇಳಿಸುವ ಕ್ರಮ ಲೀಗಿನಲ್ಲಿ ಇದೆ. ಯಾರನ್ನು ಯಾವ ಮೂಲೆಗೆ ಎಳೆಯಬೇಕು, ಯಾರು ಮುಂದಾಗಿ ಹಿಡಿಯಕೂಡದು ಎಂಬ ವಿವರಗಳು ಹಿಂದೆ ತಂಡದೊಳಗಿನ ಗುಟ್ಟುಗಳಾಗಿದ್ದವು. ಹಳ್ಳಿಯ ಹುಡುಗನಿಗೆ ಇದು ಖರ್ಚಿಲ್ಲದ ತರಬೇತಿ. ಆದರೆ ಆ ಮಾತುಗಳು ಬಹುತೇಕ ಹಿಂದಿಯಲ್ಲಿರುವುದರಿಂದ, ಕನ್ನಡದ ವಿವರಣೆಗಾರರು ಆ ಅರ್ಧ ನಿಮಿಷ ತಮ್ಮ ಮಾತನ್ನು ನಿಲ್ಲಿಸಿ, ಗುರು ಹೇಳಿದ್ದೇನೆಂಬುದನ್ನು ಒಡನೆಯೇ ಕನ್ನಡಕ್ಕೆ ತಂದರೆ ಪ್ರಯೋಜನ ಇಮ್ಮಡಿಯಾಗುತ್ತದೆ.

ಕನ್ನಡದಲ್ಲಿ ಕ್ರೀಡೆಗೆಂದೇ ಮೀಸಲಾದ ಸ್ಟಾರ್ ವಾಹಿನಿ ಬಂದದ್ದು 2018ರ ಕೊನೆಯ ವೇಳೆಗೆ. ಅದರಿಂದ ಕಬಡ್ಡಿಯ ವಿವರಣೆ ಕನ್ನಡದ ಮನೆಮನೆಗೆ ತಲುಪಿತೆಂಬುದು ಸಂತೋಷದ ಸಂಗತಿ. ವಿವರಣೆಯ ಗುಣದ ಬಗ್ಗೆ ಮಾತ್ರ ಹೇಳಬೇಕಾದದ್ದಿದೆ. ಅದರ ಹೆಚ್ಚಿನ ಭಾಗ ಉದ್ಗಾರ ಮತ್ತು ಹೊಗಳಿಕೆಗಳಲ್ಲಿ ಮುಗಿಯುತ್ತದೆ, ಕಣ್ಣಿಗೆ ಕಾಣುತ್ತಿರುವುದನ್ನೇ ಇನ್ನಷ್ಟು ಎತ್ತರದ ದನಿಯಲ್ಲಿ ಹೇಳುವುದು ವಿವರಣೆ ಅನ್ನಿಸಿಕೊಳ್ಳುವುದಿಲ್ಲ. ಕಾಣದಿರುವುದನ್ನು ಕಾಣಿಸುವುದು ವಿವರಣೆಗಾರನ ಕೆಲಸ. ಎದುರಿಗೆ ಐವರಿದ್ದಾಗ ಬೋನಸ್ ಏಕೆ ಇಲ್ಲ, ನಾಲ್ವರು ಉಳಿದಾಗ ತಂಡವೊಂದು ಬೇಕೆಂದೇ ಒಬ್ಬನನ್ನು ಕಳೆದುಕೊಂಡು ಸೂಪರ್ ಟ್ಯಾಕಲಿಗೆ ಹೇಗೆ ಕಾಯುತ್ತದೆ, ಕೊನೆಯ ಎರಡು ನಿಮಿಷಗಳಲ್ಲಿ ಮುಂದಿರುವ ತಂಡ ಯಾವ ರೈಡನ್ನು ಖಾಲಿ ಬಿಡುತ್ತದೆ ಎಂಬ ಲೆಕ್ಕಾಚಾರಗಳನ್ನು ಹಳ್ಳಿಯ ಪಂದ್ಯಗಳಲ್ಲಿ ಅಂಕಣದ ಪಕ್ಕ ಕುಳಿತ ಹಿರಿಯ ಆಟಗಾರರು ಮೆಲುದನಿಯಲ್ಲಿ ಪಕ್ಕದವರಿಗೆ ಹೇಳುತ್ತಿರುತ್ತಾರೆ. ಆ ತಿಳಿವಳಿಕೆ ಪರದೆಯ ಮೇಲೆ ಬರಬೇಕು.

ಅದು ಬರದಿದ್ದರೆ ಆಗುವ ನಷ್ಟವೇನೆಂಬುದು 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲಿನಲ್ಲಿ ತಿಳಿಯಿತು. ಭಾರತವೂ ಇರಾನೂ 28–28ರಲ್ಲಿ ಸಮನಾಗಿದ್ದು, ಆಟ ಮುಗಿಯಲು ಸುಮಾರು ಒಂದು ನಿಮಿಷವಿದ್ದಾಗ, ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಅವರನ್ನು ಹಿಡಿಯಲು ಬಂದ ಇರಾನಿನ ಆಟಗಾರರೂ ಹಿಂದೆಯೇ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ಸ್ಪರ್ಶವಿಲ್ಲದೆ ಲಾಬಿಗೆ ಹೋದವರೆಲ್ಲರೂ ಔಟ್. ಹೊಸ ನಿಯಮದಂತೆ ರೈಡರ್ ಹೊರಬಿದ್ದೊಡನೆ ರೈಡ್ ಮುಗಿದದ್ದರಿಂದ ಅವನೊಬ್ಬನೇ ಔಟ್. ತೀರ್ಪು ಹಲವು ಸಲ ಬದಲಾಗಿ, ಎರಡೂ ತಂಡಗಳು ಪ್ರತಿಭಟಿಸಿ, ಪಂದ್ಯ ಸುಮಾರು ಒಂದು ಗಂಟೆ ನಿಂತು, ಕೊನೆಗೆ ಭಾರತ 33–29ರಿಂದ ಚಿನ್ನ ಗೆದ್ದಿತು. ಆ ಒಂದು ಗಂಟೆಯಲ್ಲಿ ಕೋಟ್ಯಂತರ ಪ್ರೇಕ್ಷಕರು ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿದರು; ಆದರೆ ಯಾರ ಕಾಲು ಯಾವ ಗೆರೆಯ ಮೇಲೆ, ಯಾವ ಕ್ಷಣದಲ್ಲಿ ಬಿತ್ತು ಎಂಬುದಕ್ಕಿಂತ ಹಿಂದಿನ ಪ್ರಶ್ನೆ ಯಾವ ನಿಯಮ ಜಾರಿಯಲ್ಲಿದೆ ಎಂಬುದಾಗಿತ್ತು. ಎಷ್ಟು ಸಲ ಮರುಪ್ರಸಾರ ಮಾಡಿದರೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇಂಥ ವೇಳೆಯಲ್ಲಿ ಬೇಕಾದದ್ದು ನಿಯಮಾವಳಿ ಬಲ್ಲ ತೀರ್ಪುಗಾರರೊಬ್ಬರು ವಿವರಣೆಯ ಪೀಠದಲ್ಲಿರುವುದು. ರಾಜ್ಯದ ಜಿಲ್ಲೆಜಿಲ್ಲೆಗಳಲ್ಲಿ ಅಂಥ ಅನುಭವಿಗಳಿದ್ದಾರೆ, ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಸೀಟಿ ಹಿಡಿದವರೇ.

ದೊಡ್ಡ ಪ್ರಸಾರ ಬಿಟ್ಟುಬಿಟ್ಟದ್ದನ್ನು ಸಣ್ಣ ಪ್ರಸಾರ ಹಿಡಿದಿಟ್ಟಿರುವ ಸಂಗತಿ ಇಲ್ಲಿ ಗಮನಾರ್ಹವಾದುದು. ನಾಗಮಂಗಲ ತಾಲ್ಲೂಕು ಬಹುಮಟ್ಟಿಗೆ ಮಳೆಯಾಶ್ರಿತ ಸೀಮೆಯಾಗಿದ್ದು, ರಾಗಿ ಕಟಾವಾಗಿ ಕಣದ ಕೆಲಸ ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿಯಲ್ಲಿ ಬಯಲುಗಳೂ ಯುವಕರೂ ಬಿಡುವಾಗುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಾಣುವ ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ಕಬ್ಬು ಮತ್ತು ಭತ್ತದ ಕೆಲಸಗಳ ನಡುವೆ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ನೆಪದಲ್ಲಿ ಪಂದ್ಯಗಳು ಹೊಂದಿಕೊಳ್ಳುತ್ತವೆ. ಸಂಜೆ ಆರಂಭವಾದ ಪಂದ್ಯಾವಳಿ ಬೆಳಗಿನ ಜಾವದವರೆಗೂ ಸಾಗುತ್ತದೆ. ಬಹುಮಾನ ನಗದು ಮತ್ತು ಟ್ರೋಫಿ, ಕೆಲವೆಡೆ ಟಗರು. ಈಗ ಇಂಥ ಪಂದ್ಯಗಳನ್ನು ಸ್ಥಳೀಯ ಯುವಕರು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತಾರೆ. ಎತ್ತರದ ಕಟ್ಟೆಯ ಅಥವಾ ಅಟ್ಟಣೆಯ ಮೇಲೆ ಒಂದೇ ಕ್ಯಾಮೆರಾ, ಅದರ ಚೌಕಟ್ಟಿನಲ್ಲಿ ಇಡೀ ಅಂಕಣ, ಕೆಳಗೆ ಅಂಕಗಳ ಪಟ್ಟಿ, ಹಿನ್ನೆಲೆಯಲ್ಲಿ ಮೈಕಿನವನ ದನಿ. ಹಣವಿಲ್ಲದ ಕಾರಣ ಕ್ಯಾಮೆರಾ ಒಂದೇ ಆಯಿತು, ಒಂದೇ ಆದ್ದರಿಂದ ಅದು ಯಾರ ಹಿಂದೆಯೂ ಓಡುವುದಿಲ್ಲ. ಹಾಗಾಗಿ ಏಳು ಮಂದಿ ಇಡೀ ಹೊತ್ತು ಕಣ್ಣ ಮುಂದಿರುತ್ತಾರೆ, ಕೈಕೈ ಹಿಡಿದ ಅವರ ಸರಪಳಿ ಬಾಗುವುದೂ ಮುಚ್ಚಿಕೊಳ್ಳುವುದೂ ಕಾಣುತ್ತದೆ. ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುವ ಊರಿನವರು ರಾತ್ರಿಯಿಡೀ ಅದನ್ನು ನೋಡುವುದು ಊರಿನ ಮೇಲಿನ ಅಕ್ಕರೆಯಿಂದ ಮಾತ್ರವಲ್ಲ, ಆಟ ಅಲ್ಲಿ ಪೂರ್ತಿಯಾಗಿ ಕಾಣುತ್ತದೆ ಎಂಬ ಕಾರಣದಿಂದಲೂ ಹೌದು.

ಇದರಿಂದ ಲೀಗಿನ ಪ್ರಸಾರಕರು ಕಲಿಯಬಹುದಾದ ಪಾಠ ಸರಳವಾಗಿದೆ. ರೈಡ್ ಆರಂಭವಾದಾಗಿನಿಂದ ಮುಗಿಯುವವರೆಗೆ ಅಂಕಣ ಪೂರ್ತಿ ಕಾಣುವ ಎತ್ತರದ ಚಿತ್ರವನ್ನೇ ಮುಖ್ಯವಾಗಿಟ್ಟು, ಸಮೀಪದ ಚಿತ್ರಗಳನ್ನು ಮರುಪ್ರಸಾರಕ್ಕೆ ಉಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ನೋಡುವವರಿಗೆ ಅಂಥ ಚಿತ್ರವನ್ನು ಪ್ರತ್ಯೇಕ ಆಯ್ಕೆಯಾಗಿಯಾದರೂ ಕೊಡಬಹುದು. ಬಯಲಿನ ಪಂದ್ಯಗಳನ್ನು ಏರ್ಪಡಿಸುವವರು ಲೀಗಿನಿಂದ ಕಲಿಯಬೇಕಾದದ್ದೂ ಇದೆ. ಅದರಲ್ಲಿ ಮುಖ್ಯವಾದದ್ದು ಪ್ರೇಕ್ಷಕರ ಸುರಕ್ಷತೆ: 2021ರ ಮಾರ್ಚ್ 22ರಂದು ತೆಲಂಗಾಣದ ಸೂರ್ಯಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ಉದ್ಘಾಟನೆಯ ವೇಳೆ ತಾತ್ಕಾಲಿಕ ಗ್ಯಾಲರಿ ಕುಸಿದು ಅನೇಕರು ಗಾಯಗೊಂಡರು. ಕಂಬ ಮತ್ತು ಹಲಗೆಗಳನ್ನು ಕಟ್ಟಿ ನಿಲ್ಲಿಸುವ ಗ್ಯಾಲರಿಗಳು ಎಷ್ಟು ಭಾರ ಹೊರುತ್ತವೆಂಬುದನ್ನು ಬಲ್ಲವರಿಂದ ಪರೀಕ್ಷಿಸದೆ ಜನರನ್ನು ಹತ್ತಿಸಕೂಡದು.

ಮಹಿಳೆಯರ ಕಬಡ್ಡಿಯ ವಿಷಯದಲ್ಲಂತೂ ದೂರು ಕ್ಯಾಮೆರಾದ ಕೋನದ್ದಲ್ಲ, ಕ್ಯಾಮೆರಾವೇ ಇಲ್ಲವೆಂಬುದರದ್ದು. 2016ರಲ್ಲಿ ಲೀಗಿನ ನಾಲ್ಕನೆಯ ಆವೃತ್ತಿಯ ಜೊತೆಯಲ್ಲಿ ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್ ಎಂಬ ಮೂರು ತಂಡಗಳ ‘ಮಹಿಳಾ ಕಬಡ್ಡಿ ಚಾಲೆಂಜ್’ ನಡೆಯಿತು. ಮೂವರು ನಾಯಕಿಯರಲ್ಲಿ ಇಬ್ಬರು, ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ, ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಜುಲೈ 31ರಂದು ನಡೆದ ಫೈನಲಿನಲ್ಲಿ ಈ ಇಬ್ಬರ ತಂಡಗಳೇ ಎದುರಾಗಿ, ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ 24–23ರಿಂದ ಗೆದ್ದಿತು. ಒಂದೇ ಅಂಕದ ಅಂತರದಲ್ಲಿ ಮುಗಿದ ಅಂಥ ಪಂದ್ಯಕ್ಕೆ ಪ್ರೇಕ್ಷಕರಿಲ್ಲವೆಂದು ಹೇಳುವುದು ಕಷ್ಟ, ಆದರೂ ಆ ಪ್ರಯತ್ನ ಪ್ರೊ ಕಬಡ್ಡಿಯಲ್ಲಿ ಮುಂದುವರಿಯಲಿಲ್ಲ. ಭಾರತದ ಮಹಿಳೆಯರು 2012ರಲ್ಲಿ ಪಟ್ನಾದಲ್ಲಿ ಮಮತಾ ಅವರ ನಾಯಕತ್ವದಲ್ಲಿ ವಿಶ್ವಕಪ್ ಗೆದ್ದರು, ಹಾಂಗ್‌ಝೌನಲ್ಲಿ ಚೈನೀಸ್ ತೈಪೆಯನ್ನು 26–25ರಿಂದ ಸೋಲಿಸಿ ಚಿನ್ನ ತಂದರು, 2025ರ ನವೆಂಬರಿನಲ್ಲಿ ಢಾಕಾದಲ್ಲಿ ಮತ್ತೆ ವಿಶ್ವಕಪ್ ಗೆದ್ದರು. ಇಷ್ಟು ಗೆಲುವುಗಳ ನಂತರವೂ ನಾಗಮಂಗಲದ ಪ್ರೌಢಶಾಲೆಯೊಂದರಲ್ಲಿ ಕವರ್ ಸ್ಥಾನದಲ್ಲಿ ಆಡುವ ಹುಡುಗಿ ಪ್ರತಿ ವರ್ಷ ತಿಂಗಳುಗಟ್ಟಲೆ ಪರದೆಯಲ್ಲಿ ನೋಡುವುದು ಪುರುಷರ ಪಂದ್ಯಗಳನ್ನೇ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲದ್ದು. ಅಗಲ ಕಡಿಮೆಯಾದ್ದರಿಂದ ಕಾರ್ನರಿಗೂ ಕವರಿಗೂ ನಡುವಿನ ಜಾಗ ಇಕ್ಕಟ್ಟಾಗಿ, ಸರಪಳಿ ಬೇಗ ಮುಚ್ಚಿಕೊಳ್ಳುತ್ತದೆ, ರೈಡರ್ ನುಸುಳುವ ದಾರಿಗಳು ಬೇರೆಯಾಗುತ್ತವೆ. ಆ ಹುಡುಗಿ ಕಲಿಯಬೇಕಾದ ಆಟ ಅದು, ಮತ್ತು ಅದನ್ನು ಅವಳು ನೋಡಿ ಕಲಿಯಲು ಸದ್ಯಕ್ಕಿರುವುದು ದಸರಾ ಕ್ರೀಡಾಕೂಟದಲ್ಲಿ ತನಗಿಂತ ಹಿರಿಯರು ಆಡುವ ಕೆಲವೇ ಪಂದ್ಯಗಳು.